ನಡುಹೊಳೆಯಲ್ಲಿ ಕಂಬಳಿ

ನಮ್ಮ ಸ್ಟಾಫ್ ರೂಮಿನಲ್ಲಿ ದೆವ್ವ, ಭೂತದ ಮಾತು ಬಂದಾಗ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನು. ಗಣಿತದ ಮಾಸ್ತರರು ಹುಣಸೆಮರದ ಕೆಳಗೆ ಯಾರೋ ತಮಗೆ ಬೀಡಿ ಕೇಳಿದ ಕಥೆಯನ್ನು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಪ್ರತಿ ಸಲವೂ ಆ ಬೀಡಿ ಕೇಳಿದವನ ಎತ್ತರ ಒಂದು ಗೇಣು ಹೆಚ್ಚುತ್ತಿತ್ತು. "ಇನ್ನ ನಾಕ ವರ್ಷ ತಡದ್ರ ಅವಂಗ ಬೀಡಿ ಕೊಡಾಕ ಏಣಿ ತರಬೇಕಾಗತೈತ್ರಿ ಸರ್" ಎಂದು ನಾನು ಚಾಷ್ಟಿ ಮಾಡುತ್ತಿದ್ದೆ. ಹಾಗೆ ನಕ್ಕವನೇ ಇಂದು ಅಂಥದ್ದೊಂದು ಸಂಗತಿಯನ್ನು ಬರೆಯಲು ಕುಳಿತಿದ್ದೇನೆ. ನನ್ನ ಕಥೆಯಲ್ಲಿ ಯಾರ ಎತ್ತರವನ್ನೂ ಬೆಳೆಸಿಲ್ಲ. ನೀವು ನಕ್ಕರೆ ನನಗೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ನಾನು ರಾಯಬಾಗದ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಡ್ರಾಯಿಂಗ್ ಮಾಸ್ತರನೆಂದರೆ ಸಾಲೆಯ ವಾರ್ಷಿಕ ಗ್ಯಾದರಿಂಗಿನ ಬೋರ್ಡು ಬರೆಯುವವನು, ಯಾರಾದರೂ ಬರದ ದಿನ ಅವರ ಕ್ಲಾಸು ನೋಡಿಕೊಳ್ಳುವವನು ಎಂದೇ ಎಲ್ಲರ ತಿಳಿವಳಿಕೆ. ರಜೆಯ ದಿನ ಮಾತ್ರ ನಾನು ನನ್ನವನಾಗುತ್ತಿದ್ದೆ. ಬೋರ್ಡು, ಡಬ್ಬಿ, ನೀರಿನ ಬಾಟಲಿ ಸೈಕಲ್ಲಿಗೆ ಕಟ್ಟಿಕೊಂಡು ಹೊಲ, ಹಳ್ಳ, ಹೊಳೆದಂಡೆ ಎಂದು ತಿರುಗುತ್ತಿದ್ದೆ. ಎಂಬತ್ತರ ದಶಕದ ಕೊನೆಗೆ ಕೊಲ್ಲಾಪುರದ ಅಂಗಡಿಯೊಂದರಲ್ಲಿ ಅಕ್ರಿಲಿಕ್ ಬಣ್ಣದ ಟ್ಯೂಬುಗಳು ಮೊದಲ ಸಲ ಕೈಗೆ ಸಿಕ್ಕವು. ಎಣ್ಣೆಬಣ್ಣದ ಹಾಗೆ ವಾರಗಟ್ಟಲೆ ಒಣಗಲು ಕಾಯುವುದು ಬೇಡ, ಜಲವರ್ಣದ ಹಾಗೆ ಅಂಜಿ ಅಂಜಿ ಬಳಿಯುವುದೂ ಬೇಡ. ಆದರೆ ಒಂದು ತೊಡಕಿತ್ತು. ನಮ್ಮ ಕಡೆಯ ಏಪ್ರಿಲ್ ಗಾಳಿಗೆ ಬಣ್ಣ ಹಚ್ಚಿದ ಕೂಡಲೇ ಒಣಗುತ್ತಿತ್ತು, ಒಣಗಿತೆಂದರೆ ಮುಗಿಯಿತು, ನೀರು ಹಾಕಿ ತಿಕ್ಕಿದರೂ ಹೋಗದು. ಹಸಿ ಬಟ್ಟೆ ಹೊದಿಸದಿದ್ದರೆ ತಟ್ಟೆಯಲ್ಲಿನ ಬಣ್ಣವೂ ರೊಟ್ಟಿಯ ಚೂರಿನಂತೆ ಕಿತ್ತು ಬರುತ್ತಿತ್ತು. ಟ್ಯೂಬಿನ ಬಾಯಿ ಒರೆಸದೆ ಮುಚ್ಚಿದರೆ ಮುಚ್ಚಳ ಅಂಟಿಕೊಂಡು ಮುಂದಿನ ಸಲ ಇಕ್ಕಳ ಹಿಡಿಯಬೇಕಾಗುತ್ತಿತ್ತು. ಇದೆಲ್ಲವನ್ನೂ ಸುಮ್ಮನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ನನ್ನ ಚಿತ್ರಗಳಿಗೆ ಇದ್ದ ಒಂದೇ ಆಸರೆ ಕುಡಚಿಯ ದಸ್ತಗೀರ ಚಾಚಾ. ಕನ್ನಡಿ ಮಾರುವುದು, ಫೋಟೋಗಳಿಗೆ ಚೌಕಟ್ಟು ಹಾಕುವುದು ಅವರ ಧಂದೆ. "ಮಾಸ್ತರ, ಈ ಉಸುಕು, ಈ ಕಬ್ಬು ನಾವು ದಿನಾ ನೋಡತೀವ್ರಿ. ಮತ್ತ ಅದನ್ನ ರೊಕ್ಕಾ ಕೊಟ್ಟ ಗ್ವಾಡಿಗೆ ಯಾಕ ಹಚ್ಚೋಣು? ಸಮುದ್ರ ಬರೀರಿ. ಒಂದ ಹಡಗ, ನಾಕ ತೆಂಗಿನ ಗಿಡ. ಝಟ್ ಅಂತ ಹೋಗತಾವ" ಎನ್ನುತ್ತಿದ್ದರು. ಅವರ ಮಾತು ಕೇಳಿ ದೀಪಾವಳಿ ರಜೆಯಲ್ಲಿ ರತ್ನಾಗಿರಿಯ ಕಡೆ ಹೋಗಿ ಸಮುದ್ರವನ್ನೂ ಬರೆದೆ. ನಿಪ್ಪಾಣಿಯ ಒಂದೆರಡು ತಂಬಾಕಿನ ವ್ಯಾಪಾರಿಗಳ ಮನೆಯಲ್ಲಿ ನನ್ನ ಅಲೆಗಳು ಇನ್ನೂ ಬಡಿಯುತ್ತಿರಬೇಕು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನನಗೆ ಮೊಸರು ಸಿಕ್ಕಿದ್ದು ಆ ಸಮುದ್ರದಿಂದಲೇ. ಆದರೂ ಜೀವ ಮಾತ್ರ ಕೃಷ್ಣೆಯ ದಂಡೆಯಲ್ಲೇ ಇತ್ತು.

ನನ್ನದೊಂದು ಕೆಲಸದ ಪದ್ಧತಿ ಇತ್ತು. ಹಿಂದಿನಿಂದ ಮುಂದಕ್ಕೆ ಬರುವುದು. ಮೊದಲು ಆಕಾಶ, ಆಮೇಲೆ ಆಚೆ ದಂಡೆ, ಆಮೇಲೆ ನೀರು, ಕೊನೆಗೆ ಈಚೆಯ ಉಸುಕು. ಎಲ್ಲ ಮುಗಿದ ಮೇಲೆ, ಬ್ರಷ್ ತೊಳೆಯುವ ಮುಂಚೆ, ಎಲ್ಲೋ ಒಂದು ಕಡೆ ಉಗುರಿನಷ್ಟು ಒಬ್ಬ ಮನುಷ್ಯನನ್ನು ಇಡುವುದು. ಹೊಳೆ ಎಷ್ಟು ಅಗಲ, ಗಿಡ ಎಷ್ಟು ಎತ್ತರ ಎಂಬುದು ನೋಡುವವರಿಗೆ ತಿಳಿಯಲಿ ಎಂದು. ಅಲ್ಲಿ ನಿಜವಾಗಿ ಯಾರೂ ಇರಬೇಕಾಗಿರಲಿಲ್ಲ. ಬಿಳಿಯದೊಂದು ಗೀಟು ರುಮಾಲು, ಕರಿಯದೊಂದು ಗೀಟು ಕಂಬಳಿ, ಆಯಿತು. ನನ್ನ ಹೆಂಡತಿ ಅವನನ್ನು "ಕಾವಲಗಾರ" ಎಂದು ಕರೆಯುತ್ತಿದ್ದಳು. ಯಾವ ಚಿತ್ರ ತಂದರೂ "ಎಲ್ಲಿ ನಿಂತಾನ ನಿಮ್ಮ ಕಾವಲಗಾರ?" ಎಂದು ಹುಡುಕುವುದು ಅವಳಿಗೆ ಆಟ.

ಒಂದು ಬೇಸಿಗೆಯಲ್ಲಿ ಕುಡಚಿಯ ಹೊಳೆದಂಡೆಯ ಒಂದು ಚಿತ್ರ ಬರೆದು ದಸ್ತಗೀರ ಚಾಚಾನ ಅಂಗಡಿಯಲ್ಲಿ ಇಟ್ಟು ಬಂದೆ. ಎಡಗಡೆ ರೈಲಿನ ಸೇತುವೆ, ಆಚೆ ಉಗಾರದ ಕಡೆಯ ಕಬ್ಬು, ಈಚೆ ಉಸುಕಿನ ದಿಬ್ಬ. ದಿಬ್ಬದ ಮೇಲೆ ನಮಗೆ ಬೆನ್ನು ಮಾಡಿ ನಿಂತ ಒಬ್ಬ ಕಾವಲಗಾರ. ಕೆಲವು ದಿನಗಳ ಮೇಲೆ ಚಾಚಾ ಸಾಲೆಗೇ ಬಂದರು. ಎಂದೂ ಅಂಗಡಿ ಬಿಟ್ಟು ಬಂದವರಲ್ಲ.

"ಮಾಸ್ತರ, ಒಬ್ಬಾಕಿ ನಿಮ್ಮ ಚಿತ್ರದ ಮುಂದ ಬಂದು ಕುಂತಾಳ್ರಿ. ಮುಂಜಾನಿಂದ ಏಳವಲ್ಲಳು. ನೀರ ಕೊಟ್ರ ನೀರೂ ಕುಡೀವಲ್ಲಳು. ಈ ಚಿತ್ರಾ ತಗದಾವ್ರನ್ನ ಕರಸ್ರಿ ಅಂತ ಒಂದ ಮಾತ" ಎಂದರು.

ಹೋಗಿ ನೋಡಿದೆ. ಅಂಗಡಿಯ ಕಟ್ಟೆಗೆ ಒರಗಿ ಕುಳಿತಿದ್ದ ಹೆಂಗಸಿಗೆ ನಲವತ್ತರ ಆಸುಪಾಸು. ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಪಾಲಬಾವಿಯ ಬಾಳವ್ವ ಎಂದು ಚಾಚಾ ಹೇಳಿದರು. ಅವಳು ನನಗೆ ನಮಸ್ಕಾರವನ್ನೂ ಮಾಡಲಿಲ್ಲ. "ಇವನ್ನ ಎಲ್ಲಿ ನೋಡಿದ್ರಿ?" ಎಂದು ಚಿತ್ರದಲ್ಲಿದ್ದ ಆ ಉಗುರಿನಷ್ಟು ಮನುಷ್ಯನನ್ನು ತೋರಿಸಿದಳು.

ಎಲ್ಲೂ ನೋಡಿಲ್ಲ, ನಾನೇ ಸುಮ್ಮನೆ ಇಟ್ಟದ್ದು ಎಂದೆ. ಅವಳು ಒಪ್ಪಲಿಲ್ಲ. "ಕಂಬಳಿ ಮ್ಯಾಲ ಕೆಂಪ ಚುಕ್ಕಿ ಐತಲ್ರಿ. ಅದು ನನ್ನ ಇಳಕಲ್ಲ ಸೀರಿ ಸೆರಗ. ಕಂಬಳಿ ಹರದಿತ್ತು, ಸೆರಗಿನ ತುಂಡ ಹರದ ನಾನ ತ್ಯಾಪಿ ಹಚ್ಚಿದ್ದೆ. ಮುತ್ತೈದಿ ಸೆರಗ ಹರಿತಾರೇನಬೇ ಅಂತ ನಮ್ಮತ್ತಿ ಬೈದಿದ್ಳು." ನಾನು ಬಗ್ಗಿ ನೋಡಿದೆ. ಕರಿಯ ಗೀಟಿನ ಮೇಲೆ, ಎಡಹೆಗಲಿನ ಹತ್ತಿರ, ನಿಜವಾಗಿಯೂ ಒಂದು ಕೆಂಪು ಚುಕ್ಕೆ ಇತ್ತು. ಬ್ರಷ್ಷಿನಲ್ಲಿ ಉಳಿದಿದ್ದ ಕೆಂಪು ತಗುಲಿರಬೇಕು ಎಂದುಕೊಂಡೆ. ಹಾಗೆಂದೇ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿಗೆ ನನ್ನ ಮಾತು ನನಗೇ ಹಗುರವೆನಿಸಿತು.

ಅವಳ ಗಂಡ ಕುರಿಗಾರ. ಕೆಲವು ವರ್ಷಗಳ ಹಿಂದೆ ಮಳೆಗಾಲದ ಕೊನೆಗೆ ಕುರಿ ಹೊಡೆದುಕೊಂಡು ಇದೇ ದಂಡೆಗೆ ಬಂದಿದ್ದ. ಕುರಿಗಳು ತಾವಾಗಿಯೇ ತಿರುಗಿ ಊರಿಗೆ ಬಂದವು, ಅವನು ಬರಲಿಲ್ಲ. ಹೊಳೆಯಲ್ಲಿ ಹೆಣ ಸಿಗಲಿಲ್ಲ. ಅಥಣಿಯ ಸಂತೆಯಲ್ಲಿ ಕಂಡ ಎಂದು ಒಬ್ಬರು, ಕಾಗವಾಡದ ಹತ್ತಿರ ಬೇರೆಯವರ ಕುರಿ ಕಾಯುತ್ತಿದ್ದ ಎಂದು ಇನ್ನೊಬ್ಬರು. ಹೋಗಿ ನೋಡಿದರೆ ಯಾವನೋ ಬೇರೆಯವನು. ಬಾಳವ್ವ ಕುಂಕುಮ ಅಳಿಸಲಿಲ್ಲ, ಯಾರೂ ಒತ್ತಾಯವನ್ನೂ ಮಾಡಲಿಲ್ಲ. ಆದರೆ ಈಗ ಅವಳ ಮಗಳು ಕೆಂಚವ್ವನ ಮದುವೆ ಗೊತ್ತಾಗಿತ್ತು. ಮದುವೆಯಲ್ಲಿ ಸುರಗಿ ಸುತ್ತಬೇಕು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ಒಳಗೆ ಕೂರಿಸಿ ನೀರು ಹಾಕುವ ಈ ಶಾಸ್ತ್ರ ಮುತ್ತೈದೆಯರದು. ಗಂಡಿನ ಕಡೆಯವರು ಹೇಳಿ ಕಳಿಸಿದ್ದರಂತೆ: ಹುಡುಗಿಯ ತಾಯಿ ಮುತ್ತೈದೆಯಾದರೆ ಬಂದು ನೀರು ಹಾಕಲಿ, ಅಲ್ಲವಾದರೆ ಹಿಂದೆ ನಿಲ್ಲಲಿ, ಆದರೆ ಯಾವುದಾದರೂ ಒಂದಾಗಲಿ. ಅವಳ ಮೈದುನ ಮಾಳಪ್ಪ ಮದುವೆಗೆ ಮುಂಚೆಯೇ ಹಿಟ್ಟಿನ ಗೊಂಬೆ ಮಾಡಿ ಅಣ್ಣನ ಹೆಸರಿನಲ್ಲಿ ಮಣ್ಣು ಕೊಟ್ಟುಬಿಡೋಣ ಎನ್ನುತ್ತಿದ್ದ. ಹೆಣ ಸಿಗದವರಿಗೆ ಹಾಗೆ ಮಾಡುವ ರೂಢಿ ಅವರ ಮನೆತನದಲ್ಲಿತ್ತು. ಹೀಗೆ ಅತ್ತ ದರಿ ಇತ್ತ ಪುಲಿ ಎಂದು ನಿಂತವಳಿಗೆ ದಾರಿಯಲ್ಲಿ ನನ್ನ ಚಿತ್ರ ಕಂಡಿತ್ತು.

"ನೀವು ಈ ಬ್ಯಾಸಗಿಗೆ ಬರದೀರಿ. ಈ ಬ್ಯಾಸಗಿಗೆ ಅಂವ ಅಲ್ಲಿ ನಿಂತಿದ್ದ ಅಂದಂಗಾತಲ್ಲ?" ಎಂದಳು ಬಾಳವ್ವ. ಆ ಜಾಗವನ್ನೇ ತೋರಿಸುತ್ತೇನೆ ಎಂದೆ.

ಮುಂದಿನ ರವಿವಾರ ನಾಲ್ವರು ಹೊಳೆದಂಡೆಗೆ ಹೋದೆವು. ಬಾಳವ್ವ, ಮಾಳಪ್ಪ, ದಸ್ತಗೀರ ಚಾಚಾ, ನಾನು. ಮಾಳಪ್ಪ ಕೆಟ್ಟ ಮನುಷ್ಯನಲ್ಲ. ದಾರಿಯಲ್ಲಿ ನನ್ನನ್ನು ಹಿಂದೆ ನಿಲ್ಲಿಸಿಕೊಂಡು, "ಮಾಸ್ತರ, ನಮ್ಮಣ್ಣ ಇದ್ರ ನನಗೂ ಬೇಕ್ರಿ. ಆದ್ರ ಹಿಂಗ ನಡುವ ನಿಂತ್ರ ಆಕಿ ಹುಚ್ಚಿ ಆಗತಾಳ. ನೀವು ಸುಮ್ನ ಬರದದ್ದು ಅಂತ ಆಕಿಗಿ ಖಾತ್ರಿ ಮಾಡ್ರಿ" ಎಂದ. ನನಗೂ ಅದೇ ಸರಿ ಎನಿಸಿತು. ಅದೇ ಜಾಗದಲ್ಲಿ ಕುಳಿತು, ಅವರ ಕಣ್ಣೆದುರಿಗೇ ಅದೇ ದೃಶ್ಯ ಬರೆಯುತ್ತೇನೆ, ಈ ಸಲ ಮನುಷ್ಯನನ್ನು ಇಡುವುದೇ ಇಲ್ಲ, ಇಡುವುದೂ ಬಿಡುವುದೂ ನನ್ನ ಕೈಯಲ್ಲಿದೆ ಎಂಬುದು ಬಾಳವ್ವನಿಗೆ ಕಾಣಲಿ ಎಂದುಕೊಂಡೆ. ಹಾಗೆಂದು ಬಾಯಿಬಿಟ್ಟು ಹೇಳಿಯೂ ಹೇಳಿದೆ.

ಬಿಸಿಲು ಇಳಿಯುವ ಹೊತ್ತು. ಆಕಾಶ ಬಳಿದೆ. ಆಚೆ ದಂಡೆಯ ಕಬ್ಬಿನ ಹಸಿರು, ಅದರ ಕೆಳಗಿನ ಮಣ್ಣಿನ ಗೋಡೆ. ಹಿಂದೆ ಮೂವರೂ ಉಸುಕಿನಲ್ಲಿ ಕುಳಿತಿದ್ದರು. ಚಾಚಾ ಆಗಾಗ ಏನೋ ಮಾತಾಡುತ್ತಿದ್ದರು. ನೀರಿಗೆ ಬಂದೆ. ಬೇಸಿಗೆಯ ಕೃಷ್ಣೆಯ ಬಣ್ಣ ಹಿಡಿಯುವುದು ಸುಲಭವಲ್ಲ. ಹಸಿರೂ ಅಲ್ಲ, ಮಣ್ಣಿನದೂ ಅಲ್ಲ. ಆಗ ಮೀರಜದ ಕಡೆಯ ರೈಲು ಸೇತುವೆಯ ಮೇಲೆ ಧಡಧಡ ಎಂದು ಹೋಯಿತು. ಅಲ್ಲಿಯವರೆಗೆ ಪ್ರತಿಯೊಂದು ಗೀಟೂ ನನಗೆ ನೆನಪಿದೆ. ಆಮೇಲೆ ನೆನಪಿರುವುದು, ಬ್ರಷ್ಷನ್ನು ನೀರಿನ ಡಬ್ಬಿಯಲ್ಲಿ ಅದ್ದಿ ತೊಳೆಯುತ್ತಿದ್ದದ್ದು. ಬಿಸಿಲು ಕೆಂಪಾಗಿತ್ತು. ಚಿತ್ರ ಮುಗಿದಿತ್ತು. ಚಾಚಾನ ಮಾತು ನಿಂತಿತ್ತು.

ಹಿಂದೆ ಬಳೆಗಳ ಸದ್ದಾಯಿತು. ಬಾಳವ್ವ ಎದ್ದು ನಿಂತಿದ್ದಳು. ಮಾಳಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ. ಅವರು ನನ್ನನ್ನು ನೋಡುತ್ತಿರಲಿಲ್ಲ, ಬೋರ್ಡನ್ನು ನೋಡುತ್ತಿದ್ದರು. ನಾನೂ ನೋಡಿದೆ. ಹೊಳೆಯ ನಡುವೆ, ಎದೆಮಟ್ಟದ ನೀರಿನಲ್ಲಿ, ಒಬ್ಬ ಮನುಷ್ಯನಿದ್ದ. ಕಂಬಳಿಯನ್ನು ಸುರುಳಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ಒಂದು ಕೈಯಿಂದ ಹಿಡಿದಿದ್ದ. ಆ ಕರಿಯ ಸುರುಳಿಯ ಮೇಲೆ ಒಂದು ಕೆಂಪು ಚುಕ್ಕೆ.

"ಇದನ್ನ ಯಾರ ಹಾಕಿದ್ರು?" ಎಂದು ನಾನು ಕೇಳಿದೆನಂತೆ. ನನ್ನ ದನಿ ನನ್ನದಾಗಿರಲಿಲ್ಲ ಎಂದು ಚಾಚಾ ಆಮೇಲೆ ಹೇಳಿದರು.

"ನೀವ ಹಾಕಿದ್ರಿ ಮಾಸ್ತರ, ಮತ್ಯಾರ ಹಾಕತಾರ? ಹಾಕಂಗಿಲ್ಲ ಅಂದಾವ್ರು ಹಾಕಾಕತ್ತಾರಲ್ಲ ಅಂತ ನಾ ಎರಡ ಸಲಾ ಕೂಗಿದೆ. ನೀವು ತಿರುಗಿ ಸೈತ ನೋಡಲಿಲ್ಲ" ಎಂದರು ಚಾಚಾ. ಅವರ ಮುಖ ಬಿಳುಚಿತ್ತು. "ಯಾ ಅಲ್ಲಾ" ಎಂದು ಮತ್ತೆ ಮತ್ತೆ ಗೊಣಗುತ್ತಿದ್ದರು.

ನಾನು ಹಸಿ ಬಟ್ಟೆ ತೆಗೆದುಕೊಂಡು ಆ ಮನುಷ್ಯನನ್ನು ಒರೆಸಲು ಹೋದೆ. ಬಣ್ಣ ಒಣಗಿಹೋಗಿತ್ತು. ಬಾಳವ್ವ ನನ್ನ ಕೈ ಹಿಡಿದಳು. ಪರಗಂಡಸಿನ ಕೈ ಹಿಡಿಯುವ ಹೆಂಗಸಲ್ಲ ಅವಳು. ನನಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಹೊಳೆಯನ್ನು ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಕೊನೆಗೆ ನೋಡಿದೆ. ನೀರಿನಲ್ಲಿ ಯಾರೂ ಇರಲಿಲ್ಲ.

ಮೊದಲು ಅತ್ತಿಗೆಯ ಕಡೆ ತಿರುಗಿ ಮಾತಾಡಿದವನು ಮಾಳಪ್ಪ. "ಎದಿಮಟ ನೀರಾಗ ಹೊಂಟಾನ ವೈನಿ. ಇನ್ನೇನ ಉಳೀತು? ಹೊಳ್ಯಾಗ ಹೋಗ್ಯಾನ. ಹೊಳಿತಾಯಿ ಗಂಗವ್ವ ತಾನ ತೋರಸ್ಯಾಳ" ಎಂದು ಅತ್ತ. ಅಷ್ಟು ದೊಡ್ಡ ಆಳು ಉಸುಕಿನಲ್ಲೇ ಕುಳಿತುಬಿಟ್ಟ.

ಬಾಳವ್ವ ಅಳಲಿಲ್ಲ. ಚಿತ್ರವನ್ನು ನೋಡುತ್ತಲೇ ಹೇಳಿದಳು: "ಕಂಬಳಿ ಯಾಕ ತಲಿ ಮ್ಯಾಲ ಇಟಗೊಂಡಾನ? ತೊಯ್ಬಾರದಂತ. ಆಚಿ ದಂಡಿಗಿ ಹೋದಮ್ಯಾಲ ಹೊಚಗೊಳ್ಳಾಕ ಬೇಕಂತ. ಸಾಯಾವಗ ಕಂಬಳಿ ತೊಯ್ದರೇನು, ಒಣಗಿದರೇನು? ಅಂವ ಮುಳಗಾಕತ್ತಿಲ್ಲ ಮಾಳಪ್ಪ. ದಾಟಾಕತ್ತಾನ."

ಇಬ್ಬರೂ ನನ್ನ ಕಡೆ ತಿರುಗಿದರು. ಬರೆದವನು ನಾನಲ್ಲವೇ, ನಾನು ಹೇಳಬೇಕು. ಅವನು ಮುಳುಗುತ್ತಿದ್ದನೋ ದಾಟುತ್ತಿದ್ದನೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ಆ ಸಂಜೆ ಮನೆಗೆ ಬಂದು ಡಬ್ಬಿ ತೆಗೆದೆ. ಕೆಂಪು ಟ್ಯೂಬು ತಳದಲ್ಲಿತ್ತು. ಅದರ ಮುಚ್ಚಳ ಅಂಟಿಕೊಂಡು ಕಲ್ಲಾಗಿತ್ತು. ಇಕ್ಕಳ ಹಾಕಿ ತಿರುವಿದರೆ ಟ್ಯೂಬೇ ಹರಿಯಿತು, ಮುಚ್ಚಳ ಬರಲಿಲ್ಲ. ತಟ್ಟೆಯನ್ನು ನೋಡಿದೆ. ಬಿಳಿ, ಕರಿ, ನೀಲಿ, ಹಸಿರು, ಕಂದು. ಕೆಂಪಿನ ಗುರುತೇ ಇರಲಿಲ್ಲ. ಬೇರೆ ಬಣ್ಣಗಳನ್ನು ಹೇಗೆ ಕಲಸಿದರೂ ಇಳಕಲ್ ಸೆರಗಿನ ಆ ಕೆಂಪು ಬರುವುದಿಲ್ಲ. ಆಮೇಲೆ ಎಷ್ಟೋ ದಿನ ಕಲಸಿ ನೋಡಿದ್ದೇನೆ.

ಚಿಕ್ಕೋಡಿಯಲ್ಲಿ ನನಗೊಬ್ಬ ಡಾಕ್ಟರ್ ಗೆಳೆಯನಿದ್ದಾನೆ. ಅವನಿಗೆ ಎಲ್ಲ ಹೇಳಿದೆ. ಬಿಸಿಲಿನ ತಾಪ, ಮನಸ್ಸಿನ ಒತ್ತಡ, ಕೈಯ ರೂಢಿ, ವರ್ಷಗಟ್ಟಲೆ ಕೊನೆಗೆ ಮನುಷ್ಯನನ್ನು ಇಟ್ಟ ಕೈ ನಿನಗೆ ಹೇಳದೆ ಇಟ್ಟಿದೆ ಎಂದ. ಕಂಬಳಿಯ ಮಾತು ನಿನ್ನ ತಲೆಯಲ್ಲಿ ಹೊಕ್ಕಿತ್ತು, ಹಾಗಾಗಿ ಅದೂ ಬಂದಿದೆ ಎಂದ. ನನಗೂ ಅದು ಸರಿ ಎನಿಸುತ್ತದೆ. ಮೊದಲ ಚಿತ್ರದ ಚುಕ್ಕೆಯನ್ನೂ ಆಕಸ್ಮಿಕವೆಂದು ಬಿಡೋಣ. ಎರಡನೆಯ ಕೆಂಪು ಎಲ್ಲಿಂದ ಬಂತು ಎಂದರೆ ಮಾತ್ರ ಅವನು ಚಹಾ ತರಿಸುತ್ತಾನೆ.

ಮದುವೆಯಲ್ಲಿ ಬಾಳವ್ವ ಹಸಿರು ಬಳೆ ಹಾಕಿಕೊಂಡು ಮಗಳಿಗೆ ಸುರಗಿಯ ನೀರು ಹಾಕಿದಳು. ಗಂಡಿನ ಕಡೆಯ ಮುದುಕಿಯೊಬ್ಬಳು ಏನೋ ಅಂದಾಗ ಮಾಳಪ್ಪನೇ, "ನಮ್ಮಣ್ಣ ಹೊಳಿ ದಾಟಾಕತ್ತಾನ, ಇನ್ನ ದಂಡಿ ಮುಟ್ಟಿಲ್ಲ, ಅಲ್ಲೀತನಕ ನಮ್ಮ ವೈನಿ ಮುತ್ತೈದಿ" ಎಂದು ಬಾಯಿ ಮುಚ್ಚಿಸಿದನಂತೆ. ನಂಬಿ ಹೇಳಿದನೋ, ಮದುವೆ ಕೆಡದಿರಲಿ ಎಂದು ಹೇಳಿದನೋ ತಿಳಿಯದು. ಹಿಟ್ಟಿನ ಗೊಂಬೆಯ ಮಾತು ಮತ್ತೆ ಎತ್ತಲಿಲ್ಲ. ಚಾಚಾ ಎರಡೂ ಚಿತ್ರಗಳಿಗೆ ಚೌಕಟ್ಟು ಹಾಕಿ ಅವಳಿಗೆ ಕೊಟ್ಟರು. ಅವಳು ಅವನ್ನು ತನ್ನ ಮನೆಯ ಬಾಗಿಲ ಪಕ್ಕ ತೂಗುಹಾಕಿದ್ದಾಳೆ. ಮಾಲೆ ಹಾಕಿಲ್ಲ, ಊದುಬತ್ತಿ ಹಚ್ಚಿಲ್ಲ.

ನಾನು ಆ ಜಾಗಕ್ಕೆ ಮತ್ತೆ ಬೋರ್ಡು ಒಯ್ಯಲಿಲ್ಲ. ಎಲ್ಲಿ ಬರೆದರೂ ಮನುಷ್ಯರನ್ನು ಇಡುವುದನ್ನು ಬಿಟ್ಟೆ. "ಕಾವಲಗಾರ ನೌಕರಿ ಬಿಟ್ಟನೇನು?" ಎಂದು ಹೆಂಡತಿ ಒಮ್ಮೆ ಕೇಳಿದಳು, ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ಆದರೆ ಪ್ರತಿ ಬೇಸಿಗೆ, ಹೊಳೆಯ ನೀರು ಇಳಿದ ಮೇಲೆ, ಬಾಳವ್ವ ನಮ್ಮ ಮನೆಗೆ ಬರುತ್ತಾಳೆ. ಒಂದು ಗಂಟು ಶೇಂಗಾ, ಇಲ್ಲವೇ ನಾಲ್ಕು ಬದನೆಕಾಯಿ ತರುತ್ತಾಳೆ. ಕೇಳುವುದು ಒಂದೇ. "ಇನ್ನೊಮ್ಮೆ ಬರೀರಿ ಮಾಸ್ತರ. ಆಚಿ ದಂಡಿ ಮುಟ್ಟಿದ್ನೋ ಇಲ್ಲೋ ನೋಡೋಣು." ಬಣ್ಣ ಇಲ್ಲ, ಪರೀಕ್ಷೆಯ ಪೇಪರು ಇವೆ, ಸೊಂಟ ನೋವು ಎಂದು ಏನಾದರೂ ಹೇಳಿ ಕಳಿಸುತ್ತಿದ್ದೆ. ನಿಜವಾದ ಕಾರಣ ಬೇರೆ. ಮೂರನೆಯ ಚಿತ್ರದಲ್ಲಿ ಅವನು ಆಚೆ ದಂಡೆಯಲ್ಲಿ ನಿಂತಿದ್ದರೆ, ದಾಟಿದವನು ಇಷ್ಟು ವರ್ಷ ಮನೆಗೇಕೆ ಬರಲಿಲ್ಲ ಎಂದು ಅವಳು ಕೇಳುತ್ತಾಳೆ. ಚಿತ್ರದಲ್ಲಿ ಯಾರೂ ಇರದಿದ್ದರೆ ಅವಳು ಏನನ್ನೂ ಕೇಳದೆ ಕುಂಕುಮ ಅಳಿಸುತ್ತಾಳೆ. ನನಗೆ ಎರಡೂ ಭಯ, ಎರಡನೆಯದು ಹೆಚ್ಚು.

ಹೋದ ಬೇಸಿಗೆಯಲ್ಲಿ ಬಂದಾಗ ಅವಳು ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಂದಳು. "ಕಣ್ಣ ಮಂಜ ಆಗ್ಯಾವ್ರಿ ಮಾಸ್ತರ. ಬರೀಯೂದಿದ್ರ ಲಗೂನ ಬರೀರಿ. ನಾ ನೋಡಬೇಕಲ್ಲ" ಎಂದಳು.

ಅದಕ್ಕೆ ನೆಪ ಹೇಳಲಾಗಲಿಲ್ಲ. ಒಬ್ಬನೇ ಹೋದೆ. ಅದೇ ಜಾಗದಲ್ಲಿ ಕುಳಿತು ಆಕಾಶ ಬಳಿದೆ. ಕಬ್ಬು ಬಳಿದೆ. ಆಚೆ ದಂಡೆ ಬಳಿದೆ, ಒಂದೊಂದು ಗೀಟನ್ನೂ ನೋಡಿಕೊಂಡು ಬಳಿದೆ, ಅಲ್ಲಿ ಯಾರೂ ಬರಲಿಲ್ಲ. ಇನ್ನು ನೀರು ಎನ್ನುವಾಗ ದೂರದಲ್ಲಿ ರೈಲಿನ ಸಿಳ್ಳೆ ಕೇಳಿತು. ನನ್ನ ಪದ್ಧತಿ ಮುರಿದು ಈಚೆಯ ಉಸುಕನ್ನು ಮೊದಲು ಬಳಿದುಬಿಟ್ಟೆ, ಬ್ರಷ್ ತೊಳೆದು ಎದ್ದುಬಂದೆ. ಎರಡು ದಂಡೆಗಳ ನಡುವೆ ಹೊಳೆ ಬರೀ ಬಿಳಿಯಾಗಿ ಉಳಿಯಿತು.

ಬಾಳವ್ವ ಬಂದು ಆ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಚೆ ದಂಡೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಬೆರಳು ಆ ಬಿಳಿಯ ಜಾಗಕ್ಕೆ ಬಂದು ನಿಂತಿತು. "ನೀರ ಯಾವಾಗ ಹಾಕ್ತೀರಿ?" ಎಂದು ಕೇಳಿದಳು.

ಹಾಕುತ್ತೇನೆ ಎಂದೆ. ಇನ್ನೂ ಹಾಕಿಲ್ಲ.